ಬೆಳಕಿಗೆ ಕುಡಿಸಿದ ರಾಕಿಯಾ

ಇಡೀ ಕಣಿವೆಯ ಫೋನುಗಳು ಒಂದೇ ಏಟಿಗೆ ಸತ್ತುಬಿದ್ದದ್ದಕ್ಕೆ ಮೂಲ ಕಾರಣ ಒಂದು ಡಜನ್ ವೈನ್ ಗ್ಲಾಸುಗಳು.

ಅವು ವಿದೊಸಾವಾಳಿಗೆ ತವರಿನಿಂದ ಬಂದ ಕೆತ್ತನೆ ಗಾಜಿನ ಗ್ಲಾಸುಗಳು. ವರ್ಷಕ್ಕೊಮ್ಮೆ, ಮನೆದೇವರಾದ ಸಂತ ನಿಕೋಲಾನ ದಿನ, ಬೀರುವಿನಿಂದ ಕೆಳಗಿಳಿಯುತ್ತಿದ್ದವು. ನೀರಲ್ಲಿ ತೊಳೆದರೆ ಕಲೆ ಉಳಿಯುತ್ತಿತ್ತು. ಈ ಸಲ ಅವಳ ಕಣ್ಣಿಗೆ ಗಂಡನ ಕೆಲಸದ ಚೀಲದಲ್ಲಿದ್ದ ಒಂದು ಪುಟ್ಟ ಬಾಟಲಿ ಬಿತ್ತು. ಅದರ ಎರಡು ಹನಿ ಬಟ್ಟೆಗೆ ಹಾಕಿ ಒರೆಸಿದಳು. ಗ್ಲಾಸು ಕೈಯಲ್ಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ತಿಳಿಯಾಯಿತು. ಗ್ಲಾಸುಗಳಾದ ಮೇಲೆ ಕಿಟಕಿ ಒರೆಸಿದಳು, ಕಿಟಕಿಯಾದ ಮೇಲೆ ಸಂತನ ಪಟದ ಗಾಜು. ಬಾಟಲಿ ಬರಿದಾಯಿತು. ಮುಚ್ಚಳ ಬಿಗಿದು, ಇದ್ದ ಜಾಗದಲ್ಲೇ ಇಟ್ಟಳು. ತೆಗೆದದ್ದನ್ನು ತೆಗೆದಲ್ಲೇ ಇಡಬೇಕು ಎನ್ನುವುದು ಅವಳ ಶಿಸ್ತು.

ಅವಳ ಗಂಡ ತಿಹೊಮಿರ್, ಕ್ಲಾದ್ನಿತ್ಸಾ ಎಂಬ ಊರಿನ ಟೆಲಿಫೋನ್ ಕೇಂದ್ರದ ತಂತ್ರಜ್ಞ. ಕೇಂದ್ರದ ಮುಖ್ಯಸ್ಥ ಶರತ್ಕಾಲದಲ್ಲಿ ನಿವೃತ್ತನಾಗಿದ್ದ. ಆ ಜಾಗಕ್ಕೆ ಯಾರು ಎಂಬ ಪ್ರಶ್ನೆಗೆ ಜಿಲ್ಲಾ ಡೈರೆಕ್ಟರ್ ಗ್ವೊಜ್ದೆನ್ ಗಟ್ಟಿಯಾಗಿ ಉತ್ತರ ಕೊಟ್ಟಿದ್ದ: "ಹೊಸ ಯಂತ್ರ ನಡೆಸಿ ತೋರಿಸು ತಿಹೊಮಿರ್, ಕುರ್ಚಿ ನಿನ್ನದು." ಹದಿನಾರು ವರ್ಷ ಬೇರೆಯವರ ಕೈಕೆಳಗೆ ತಂತಿ ಸುತ್ತಿದವನಿಗೆ ಈ ಮಾತು ಊಟಕ್ಕಿಂತ ಹೆಚ್ಚು ತೃಪ್ತಿ ಕೊಟ್ಟಿತ್ತು.

ಹೊಸ ಯಂತ್ರದ ಹೆಸರು ರಾಮನ್ ವರ್ಧಕ. ಜಿಲ್ಲಾ ಕೇಂದ್ರದಿಂದ ಹೊರಟ ಬೆಳಕು ಬೆಟ್ಟ ಹತ್ತಿ ಇಳಿದು ಕ್ಲಾದ್ನಿತ್ಸಾ ಮುಟ್ಟುವ ಹೊತ್ತಿಗೆ ಸುಸ್ತಾಗಿಹೋಗಿರುತ್ತದೆ. ಅದಕ್ಕೇ ಮಧ್ಯದಲ್ಲಿ, ಗೋಲಿ ಬ್ರೆಗ್ ಗುಡ್ಡದ ಮೇಲೆ, ಒಂದು ಗುಡಿಸಲಿನಂಥ ಕಟ್ಟಡದಲ್ಲಿ ಹಳೆಯ ವರ್ಧಕವೊಂದು ಕೂತು ಅದಕ್ಕೆ ಚೈತನ್ಯ ತುಂಬಿ ಕಳಿಸುತ್ತಿತ್ತು. ಹೊಸ ಯಂತ್ರದ ರೀತಿಯೇ ಬೇರೆ. ಬೆಳಕು ಬಂದು ತಲುಪುವ ತುದಿಯಲ್ಲಿ ಕೂತು, ಬರುವ ಬೆಳಕಿಗೆ ಎದುರಾಗಿ ಗಾಜಿನ ಎಳೆಯೊಳಗೆ ಜೋರಾದ ಲೇಸರ್ ತಳ್ಳುತ್ತದೆ. ಆ ಲೇಸರ್ ಗಾಜಿನ ಅಣುಗಳನ್ನು ಅಲುಗಿಸಿ ತನ್ನ ಬಲವನ್ನು ಬಳಲಿ ಬರುವ ಬೆಳಕಿಗೆ ದಾಟಿಸುತ್ತದೆ. ಊರಾಚೆಯ ಹತ್ತಾರು ಕಿಲೋಮೀಟರ್ ಎಳೆಯೇ ವರ್ಧಕವಾಗಿಬಿಡುತ್ತದೆ. ಇಷ್ಟಕ್ಕೆ ಬೇಕಾಗುವ ಲೇಸರ್ ಒಂದು ವಾಟ್‌ಗೂ ಕಡಿಮೆ. ಆದರೆ ಅದು ಹೊಗುವ ದಾರಿ ಕೂದಲಿನ ಎಂಟನೇ ಒಂದು ಪಾಲು ಅಗಲ. ಆ ಬಾಗಿಲಲ್ಲಿ ಧೂಳಿನ ಒಂದು ಕಣ ಕೂತಿದ್ದರೂ ಸುಟ್ಟು ಇದ್ದಿಲಾಗುತ್ತದೆ, ಬಾಗಿಲನ್ನೂ ಸುಡುತ್ತದೆ.

ಕೆಲಸಕ್ಕೆ ದಿನ ಗೊತ್ತು ಮಾಡಿದವನು ವಿಯೆನ್ನಾದಲ್ಲಿ ಕೂತ ಎಂಜಿನಿಯರ್. ಅವನ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹತ್ತೊಂಬತ್ತು ಬರೀ ಶುಕ್ರವಾರ. ಸೆರ್ಬಿಯಾದಲ್ಲಿ ಆ ದಿನ ಅರ್ಧ ದೇಶ ಮನೆದೇವರನ್ನು ಪೂಜಿಸುತ್ತದೆ, ಉಳಿದರ್ಧ ಆ ಮನೆಗಳಿಗೆ ಊಟಕ್ಕೆ ಹೋಗುತ್ತದೆ. ಕೆಲಸಕ್ಕೆ ಯಾರೂ ಮಿಕ್ಕುವುದಿಲ್ಲ. ರಜೆ ಬದಲಿಸಿಕೊಳ್ಳೋಣವೆಂದರೆ ಸಹೋದ್ಯೋಗಿಗಳ ಮನೆದೇವರೂ ನಿಕೋಲಾನೇ. 'ಬೆಳಗ್ಗೆ ಬೇಗ ಹೋಗಿ ಒಂದು ಕನೆಕ್ಟರ್ ಬಿಚ್ಚಿ, ಒರೆಸಿ, ಹಾಕಿದರೆ ಮುಗಿಯಿತು. ಪಾದ್ರಿ ಬರುವುದರೊಳಗೆ ಮನೆ ಸೇರುತ್ತೇನೆ' ಎಂದು ತಿಹೊಮಿರ್ ಲೆಕ್ಕ ಹಾಕಿದ.

ಕೇಂದ್ರದಲ್ಲಿ ಚೀಲ ತೆರೆದು ಬಾಟಲಿ ಎತ್ತಿದಾಗ ಅದು ಗಾಳಿಯಷ್ಟು ಹಗುರವಾಗಿತ್ತು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಝಿವೊಯಿನ್ ಬಂದ. ಬಗಲಲ್ಲಿ ಬೆತ್ತದ ಹೊದಿಕೆಯ ದೊಡ್ಡ ಸೀಸೆ, ಮೀಸೆಯ ಮೇಲೆ ಹಿಮ. ಗೋಲಿ ಬ್ರೆಗ್ ಗುಡಿಸಲಿನ ಮೇಲ್ವಿಚಾರಕ ಅವನೇ. ಅದಕ್ಕಿಂತ ಮುಖ್ಯವಾಗಿ ತಿಹೊಮಿರ್‌ನ ಮದುವೆಯಲ್ಲಿ ಪಕ್ಕ ನಿಂತ ಕೂಮ್. ಕೂಮ್ ಎಂದರೆ ಒಡಹುಟ್ಟಿದವನಿಗಿಂತ ಒಂದು ಗೇಣು ಮೇಲೆ. ಅವನ ಮಾತು ತೆಗೆದುಹಾಕಿದರೆ ದೇವರು ಕ್ಷಮಿಸಿದರೂ ನೆಂಟರು ಕ್ಷಮಿಸುವುದಿಲ್ಲ.

"ಏನ್ ಕೂಮಾ, ಹಬ್ಬದ ದಿನ ಮುಖ ಉಪ್ಪಿಲ್ಲದ ಹುರುಳೀಕಾಳಾಗಿದೆ?"

"ನೀನು ಗುಡ್ಡದ ಮೇಲಿರ್ಬೇಕಿತ್ತಲ್ವೇನೋ ಇವತ್ತು?"

"ಗುಡಿಸಲು ಎಲ್ಲೂ ಓಡಿಹೋಗಲ್ಲ. ನಿನ್ನ ಮನೆ ಊಟ ಓಡಿಹೋಗತ್ತೆ. ಏನಾಯ್ತು ಹೇಳು."

"ಬಾಟ್ಲಿ ಖಾಲಿ. ನಿನ್ನೆ ತುಂಬಾ ಇತ್ತು ಕಣೋ."

"ಯಾರೋ ಕುಡಿದಿದ್ದಾರೆ ಬಿಡು."

"ಇದು ಕುಡಿಯೋದಲ್ಲ ಮಾರಾಯ, ಕನೆಕ್ಟರ್ ಒರೆಸೋ ಸ್ಪಿರಿಟ್ಟು! ಕುಡಿದ್ರೆ ಕಣ್ಣು ಹೋಗತ್ತೆ."

ಸ್ಪಿರಿಟ್ ಇಲ್ಲದೆ ಒಣದಾಗಿಯೇ ಒರೆಸುವ ಪಟ್ಟಿಯೂ ಇರಲಿಲ್ಲ. ಅದು ಬೇಸಿಗೆಯಲ್ಲೇ ಮುಗಿದಿತ್ತು. ಕಳಿಸುತ್ತೇವೆ ಎಂದು ಜಿಲ್ಲಾ ಕಚೇರಿ ಆಗ ಹೇಳಿತ್ತು, ಈಗಲೂ ಹೇಳುತ್ತಿತ್ತು. ಝಿವೊಯಿನ್ ಸೀಸೆಯನ್ನು ಮೇಜಿನ ಮೇಲೆ ಕೂಸಿನಂತೆ ಇಳಿಸಿದ.

"ಸ್ಪಿರಿಟ್ಟೇ ತಾನೇ ಬೇಕು? ಇಗೋ. ನಮ್ಮ ತೋಟದ ಪ್ಲಮ್ ಹಣ್ಣಿನ ರಾಕಿಯಾ. ಎರಡು ಸಲ ಇಳಿಸಿದ್ದು. ಕಡ್ಡಿ ಗೀರಿದ್ರೆ ನೀಲಿ ಉರಿ ಬರತ್ತೆ. ನಮ್ಮಜ್ಜಿ ಇದರಲ್ಲೇ ಗಾಯ ತೊಳೀತಿದ್ಲು, ಎದೆನೋವಿಗೆ ಉಜ್ತಿದ್ಲು, ಕಿಟಕಿ ಒರೆಸ್ತಿದ್ಲು."

"ನಿಮ್ಮಜ್ಜಿ ಕಾಲದಲ್ಲಿ ಲೇಸರ್ ಇರ್ಲಿಲ್ಲ."

"ಅದಕ್ಕೇ ತೊಂಬತ್ತೊಂದು ವರ್ಷ ಬದುಕಿದ್ಲು. ಮೊದಲು ನೀನೊಂದು ಲೋಟ ಹಾಕು. ಮನೆದೇವ್ರ ದಿನ ಕೂಮ್ ಕೊಟ್ಟದ್ದಕ್ಕೆ ಬೇಡ ಅಂತೀಯಾ?"

ಬೇಡವೆನ್ನಲಾಗದೆ ಒಂದು ಕುಡಿದ. ಒಂಟಿ ಕಾಲಲ್ಲಿ ಯಾರೂ ನಡೆಯುವುದಿಲ್ಲವೆಂದು ಝಿವೊಯಿನ್ ಎರಡನೆಯದನ್ನೂ ಸುರಿದ. ಎರಡನೆಯದು ಒಳಗಿಳಿದ ಮೇಲೆ ಅಜ್ಜಿಯ ವಾದದಲ್ಲಿ ತಿಹೊಮಿರ್‌ಗೆ ಸ್ವಲ್ಪ ಹುರುಳು ಕಂಡಿತು. ಫೋನಿನಲ್ಲಿ ವಿಯೆನ್ನಾದ ಎಂಜಿನಿಯರ್ ಆಗಲೇ ಎರಡು ಸಲ ಕೇಳಿದ್ದ, ಸಿದ್ಧವೇ ಎಂದು.

ತಿಹೊಮಿರ್ ಕನೆಕ್ಟರಿನ ತುದಿಯನ್ನು ರಾಕಿಯಾದಲ್ಲಿ ಒರೆಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದ. ಎರಡು ಲೋಟ ಕುಡಿದ ಕಣ್ಣಿಗೆ ಶುದ್ಧವಾಗಿಯೇ ಕಂಡಿತು. ಹಿಪ್ಪುನೇರಳೆ ಮರದ ಪೀಪಾಯಿಯಲ್ಲಿ ಮೂರು ಚಳಿಗಾಲ ಮಲಗಿದ ರಾಕಿಯಾ ಹೊಂಬಣ್ಣ ಪಡೆಯುವುದು ಮರದ ಅಂಟಿನಿಂದ, ಆ ಅಂಟು ಆರಿದಲ್ಲೇ ಉಳಿಯುತ್ತದೆ ಎಂಬುದು ಆ ಕ್ಷಣ ಇಬ್ಬರಿಗೂ ಹೊಳೆಯಲಿಲ್ಲ. ಕನೆಕ್ಟರನ್ನು ರಾಮನ್ ಯಂತ್ರಕ್ಕೆ ಸಿಕ್ಕಿಸಿದ. ವಿಯೆನ್ನಾದಿಂದ ಸಣ್ಣ ಉರಿಯಲ್ಲಿ ಲೇಸರ್ ಹತ್ತಿಸಿದರು. ಬೆಳಕು ಚಂದವಾಗಿ ಬಂತು.

"ಅತ್ಯುತ್ತಮ," ಎಂದ ಎಂಜಿನಿಯರ್. "ನೀವು ಹೋಗಬಹುದು. ಶಕ್ತಿಯನ್ನು ನಾನು ಇಲ್ಲಿಂದಲೇ ನಿಧಾನವಾಗಿ ಏರಿಸುತ್ತೇನೆ."

"ನೋಡಿದ್ಯಾ?" ಎಂದ ಝಿವೊಯಿನ್. "ಬೆಳಕಿಗೂ ರುಚಿ ಗೊತ್ತಾಗತ್ತೆ."

ಮನೆಯಲ್ಲಿ ಮೇಣದ ಬತ್ತಿ ಹತ್ತಿತ್ತು. ಪಾದ್ರಿ ಹಬ್ಬದ ರೊಟ್ಟಿಗೆ ವೈನ್ ಚಿಮುಕಿಸಿ, ತಿಹೊಮಿರ್‌ನ ಜೊತೆ ಹಿಡಿದು ತಿರುಗಿಸುತ್ತಿದ್ದ. ಸಂತನ ಹೆಸರು ಮೂರನೆಯ ಸಲ ಬಂದಾಗ ಅಡುಗೆಮನೆಯಿಂದ ಕೂಗು ಕೇಳಿತು. ಪಕ್ಕದ ಮನೆಯ ಸ್ತಾನಿಯಾ, ಕರೆಯದೆಯೇ ಬೆಳಗಿನಿಂದ ಸಾರು ಕಲಕುತ್ತಿದ್ದವಳು, ಫೋನನ್ನು ಸೌಟಿನಂತೆ ಎತ್ತಿ ಹಿಡಿದು ಬಂದಳು.

"ಮ್ಯೂನಿಕ್ಕಿನಿಂದ ಮಗಳು ಮಾತಾಡ್ತಿದ್ಲು. ಗಂಡ ಏನೋ ಅಂದ ಅನ್ನೋಷ್ಟರಲ್ಲಿ ಕಟ್ಟಾಯ್ತು. ಏನಂದ? ಏನಂದ ಅಂತ ನಾನು ಯಾರನ್ನ ಕೇಳ್ಲಿ?"

ಪಾದ್ರಿ ತನ್ನ ಜೇಬಿನಿಂದಲೂ ಒಂದು ಫೋನು ತೆಗೆದು ನೋಡಿ, ತಲೆಯಾಡಿಸಿ, ಪ್ರಾರ್ಥನೆ ಮುಂದುವರಿಸಿದ. ತಿಹೊಮಿರ್ ರೊಟ್ಟಿ ಬಿಟ್ಟು ಕೋಟಿಗೆ ಕೈ ಹಾಕಿದ.

"ವಿದೊ, ನಾನು ಈಗ ಬಂದೆ."

"ಎಲ್ಲಿಗೆ? ನೆಂಟರು ಬರೋ ಹೊತ್ತು! ಮನೆ ಯಜಮಾನ ಬಾಗಿಲಲ್ಲಿರ್ದೆ ಇನ್ಯಾರಿರ್ಬೇಕು?"

"ನಾನಿದೀನಲ್ಲ," ಎಂದಳು ಸ್ತಾನಿಯಾ, ಏಪ್ರನ್ ಬಿಚ್ಚುತ್ತ. ಆ ಹುದ್ದೆಗೆ ಅವಳು ಬಹಳ ಕಾಲದಿಂದ ಕಾಯುತ್ತಿದ್ದವಳಂತೆ ಕಂಡಳು.

ಕೇಂದ್ರದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಕನೆಕ್ಟರಿನ ನಡುವೆ ಬ್ರೆಡ್ಡಿನ ಭಟ್ಟಿಯ ಬಾಯಿಯಂಥ ಕರಿ ಗುಳಿ. ವಿಯೆನ್ನಾದವನು ಶಕ್ತಿ ಏರಿಸುತ್ತಾ ಹೋದಂತೆ ಅಂಟು ಕಾದು, ಸುಟ್ಟು, ಗಾಜನ್ನೇ ಕರಗಿಸಿತ್ತು. ಯಂತ್ರ ಅಪಾಯ ಅರಿತು ತಾನಾಗಿ ಆರಿಕೊಂಡಿತ್ತು. ಬರುವ ಬೆಳಕು ನಿಂತರೆ ಹೋಗುವ ಬೆಳಕನ್ನೂ ನಿಲ್ಲಿಸುವುದು ಸುರಕ್ಷತೆಯ ಕ್ರಮ. ಹೀಗಾಗಿ ಕ್ಲಾದ್ನಿತ್ಸಾ ಲೋಕಕ್ಕೆ ಕಿವುಡೂ ಮೂಕವೂ ಆಗಿತ್ತು. ಎರಡನೆಯ ಕೇಬಲ್ ಒಂದಿತ್ತು. ಅದನ್ನು ವಸಂತದ ಪ್ರವಾಹ ಕೊಚ್ಚಿಕೊಂಡು ಹೋಗಿ, ಎರಡು ಪಕ್ಷಗಳು ಅದರ ಬಗ್ಗೆ ಚುನಾವಣೆಯಲ್ಲಿ ಮಾತಾಡಿ ಮುಗಿಸಿದ್ದವು.

ದುರಸ್ತಿ ಗೊತ್ತಿಲ್ಲದ್ದೇನಲ್ಲ. ಸುಟ್ಟ ತುದಿ ಕತ್ತರಿಸಿ, ಹೊಸ ತುದಿಯನ್ನು ಬೆಸೆಯಬೇಕು. ಹೊಸ ತುದಿಯಿತ್ತು, ಬೆಸುಗೆ ಯಂತ್ರವಿತ್ತು. ಬೆಸೆಯುವ ಮೊದಲು ಎಳೆ ಒರೆಸಲು ಶುದ್ಧ ಸ್ಪಿರಿಟ್ ಬೇಕಿತ್ತು.

"ಈ ಸಲ ಬಟ್ಟೇಲಿ ಸೋಸಿ ಹಾಕಿದ್ರೆ?" ಎಂದ ಹಿಂದೆಯೇ ಬಂದಿದ್ದ ಝಿವೊಯಿನ್, ಸೀಸೆಯ ಕಡೆ ಕೈ ಚಾಚಿ.

"ಅದನ್ನ ಮುಟ್ಟಿದ್ರೆ ಕೂಮ್ ಅಂತಲೂ ನೋಡಲ್ಲ!"

ಶುದ್ಧ ಸ್ಪಿರಿಟ್ ಇದ್ದದ್ದು ಔಷಧಿ ಅಂಗಡಿಯ ಕೊಸಾರಾಳ ಹತ್ತಿರ. ಅಂಗಡಿ ಮುಚ್ಚಿತ್ತು. ಅವಳ ಮನೆಯ ಸಂತನೂ ನಿಕೋಲಾನೇ. ತಿಹೊಮಿರ್ ಅವಳ ಮನೆಯ ಹೊಸ್ತಿಲಲ್ಲಿ ನಿಂತೇ ಕೇಳಿದ, "ಕೊಸಾರಾ, ಒಂದು ಬಾಟ್ಲಿ ಸ್ಪಿರಿಟ್ ಕೊಡು, ಓಡಬೇಕು."

"ಓಡೋದಾ? ಮನೆದೇವ್ರ ದಿನ ಹೊಸ್ತಿಲಿಂದ ವಾಪಸ್ ಹೋಗ್ತೀಯಾ? ನಮ್ಮ ಮನೇಗೇನು ಕಾಯಿಲೆಯಾ?"

ಸ್ಪಿರಿಟ್ ಬೀರುವಿನಲ್ಲಿತ್ತು, ಬೀರುವಿನ ಕೀಲಿಕೈ ಕೊಸಾರಾಳ ಸೊಂಟದಲ್ಲಿತ್ತು. ಮೊದಲು ಒಂದು ಚಮಚ ಗೋಧಿಯ ಸಿಹಿ ತಿಂದ. ಆಮೇಲೆ ಮೀನಿನ ಸಾರು. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲದ ಎಲೆಕೋಸಿನ ಸುರುಳಿ, ಹುರಿದ ಮೀನು, ಒಲೆಯಲ್ಲಿ ಬೆಂದ ಹುರುಳಿ. ಮೇಜಿನ ಸುತ್ತ ಇದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ತನ್ನ ಮನೆಯ ಸಂತನನ್ನು ಬತ್ತಿಯ ಜೊತೆ ಒಂಟಿಯಾಗಿ ಬಿಟ್ಟು ಬೇರೆಯವರ ಸಂತನ ಮೀನು ತಿನ್ನುವ ಗಂಡಸನ್ನು ಆ ಊರು ಕಂಡಿರಲಿಲ್ಲ.

"ಮನೇಲಿ ಜಗಳವೇನಪ್ಪ?" ಎಂದ ಒಬ್ಬ ಮುದುಕ, ಮರುಕದಿಂದ.

"ಇಲ್ಲ. ಫೋನ್ ಕೆಟ್ಟಿದೆ, ರಿಪೇರಿ."

"ಅದು ನಮಗೂ ಗೊತ್ತು. ಆ ನಿಮ್ಮ ಹೊಸ ಮನುಷ್ಯ ಕೆಡಿಸಿದ್ನಂತೆ. ಯಾರವನು, ರಾಮನ್?"

"ಮನುಷ್ಯ ಅಲ್ಲ ತಾತ, ಯಂತ್ರ. ಇಂಡಿಯಾದ ಒಬ್ಬ ವಿಜ್ಞಾನಿ ಹೆಸರು."

"ಇಂಡಿಯಾದವ್ನಾ? ಅವರ ಮನೆದೇವ್ರು ಯಾವ ಸಂತ?"

ತಿಹೊಮಿರ್ ಇನ್ನೊಂದು ತುಂಡು ಮೀನು ಬಾಯಿಗೆ ಹಾಕಿಕೊಂಡ. ಮೂರು ಸಲ ಗ್ಲಾಸು ತಾಗಿಸಿ, ಎರಡು ಸಲ ತಟ್ಟೆ ತುಂಬಿಸಿಕೊಂಡ ಮೇಲೆ ಕೀಲಿಕೈ ತಿರುಗಿತು.

ಕೇಂದ್ರಕ್ಕೆ ಹಿಂತಿರುಗಲು ತನ್ನ ಮನೆಯ ಮುಂದೆಯೇ ದಾರಿ. ಅಲ್ಲಿ ಜಾತ್ರೆಯಷ್ಟು ಬೂಟು. ಫೋನು ಇದ್ದಿದ್ದರೆ ದೂರದ ನೆಂಟರು 'ಹಬ್ಬದ ಶುಭಾಶಯ, ಹಿಮ ಜಾಸ್ತಿ, ಬರೋಕಾಗ್ಲಿಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಫೋನು ಸತ್ತದ್ದರಿಂದ ಅವರೆಲ್ಲ ಖುದ್ದಾಗಿ ಬಂದಿದ್ದರು. ಕಿಟಕಿಯೊಳಗೆ ಸ್ತಾನಿಯಾ ತಲೆಗೆ ಒಳ್ಳೆಯ ಸ್ಕಾರ್ಫ್ ಕಟ್ಟಿ ಒಬ್ಬೊಬ್ಬರನ್ನೇ ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದಳು. ವಿದೊಸಾವಾ ಕಿಟಕಿ ತೆಗೆದು ಕತ್ತು ಹೊರಗೆ ಹಾಕಿದಳು.

"ತಿಹೊ! ಕೊಸಾರಾ ಮನೇಲಿ ಊಟ ಮಾಡಿದ್ಯಂತೆ?"

ಫೋನಿಲ್ಲದಿದ್ದರೂ ಆ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಸ್ಪಿರಿಟ್‌ಗೆ ಹೋಗಿದ್ದೆ ವಿದೊ! ನನ್ನ ಬಾಟ್ಲಿ ಯಾರು ಖಾಲಿ ಮಾಡಿದ್ರೋ ಏನೋ!"

ವಿದೊಸಾವಾಳ ಮುಖ ಒಂದು ಕ್ಷಣ ಬದಲಾಯಿತು. "ಸರಿ, ಬೇಗ ಬಾ," ಎಂದು ಮೆಲ್ಲಗೆ ಹೇಳಿ ಕಿಟಕಿ ಮುಚ್ಚಿದಳು. ಕಿಟಕಿಯ ಗಾಜು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ.

ಬೆಸುಗೆಗೆ ಕೂತರೆ ಕೈ ನಿಲ್ಲಲೊಲ್ಲದು. ಬೆಳಗಿನಿಂದ ತಾಗಿಸಿದ ಗ್ಲಾಸುಗಳೆಲ್ಲ ಬೆರಳ ತುದಿಗೆ ಬಂದು ಕುಣಿಯುತ್ತಿದ್ದವು. ಮೊದಲ ಎಳೆ ಓರೆಯಾಗಿ ಮುರಿಯಿತು. ಎರಡನೆಯದು ಕೈಯಿಂದ ಜಾರಿ ನೆಲದ ಮೇಲೆಲ್ಲೋ ಬಿದ್ದು ಕಣ್ಮರೆಯಾಯಿತು. ಝಿವೊಯಿನ್ ಹಿಂದಿನಿಂದ ಅವನ ಎರಡೂ ಮೊಣಕೈಗಳನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತ. ಮೂರನೆಯದು ಕೂತಿತು. ಯಂತ್ರದ ಪುಟ್ಟ ಕಿಡಿ ಚಿಟಿಕೆ ಹೊಡೆದಂತೆ ಹಾರಿತು, ಎರಡು ಎಳೆ ಒಂದಾದವು.

"ನಾನಿಲ್ದಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತು ಕೂಮಾ?" ಎಂದ ಝಿವೊಯಿನ್.

ತಿಹೊಮಿರ್ ಅದಕ್ಕೆ ನಿಜವಾದ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡ. ಕನೆಕ್ಟರನ್ನು ಶುದ್ಧ ಸ್ಪಿರಿಟ್‌ನಲ್ಲಿ ಒರೆಸಿದ, ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಲೇಸರನ್ನು ತಾನೇ ಚೂರು ಚೂರಾಗಿ ಏರಿಸಿದ. ಪೂರ್ತಿ ಶಕ್ತಿ ಮುಟ್ಟಿದರೂ ಏನೂ ಸುಡಲಿಲ್ಲ. ಸಂಜೆಯ ಮಬ್ಬಿನಲ್ಲಿ ಊರಿನ ಎಲ್ಲ ಮನೆಗಳಿಂದ ಒಟ್ಟಿಗೆ ಫೋನುಗಳು ಗುಂಯ್‌ಗುಟ್ಟಿದವು, ಕುರಿಮಂದೆ ಇಳಿದು ಬಂದಂತೆ.

ಇಬ್ಬರೂ ಮನೆಗೆ ಬಂದಾಗ ಮೇಜಿನ ತಲೆಯಲ್ಲಿ ಡೈರೆಕ್ಟರ್ ಗ್ವೊಜ್ದೆನ್ ಕೂತಿದ್ದ. ಅವನ ಮನೆದೇವರು ಸಂತ ಜಾರ್ಜ್. ಹಾಗಾಗಿ ಈ ದಿನ ಅವನು ಊಟ ಮಾಡುವ ಅರ್ಧದೇಶಕ್ಕೆ ಸೇರಿದವನು. ಆದರೆ ಮುಖದಲ್ಲಿ ಹಬ್ಬವಿರಲಿಲ್ಲ.

"ಬಾ ಯಜಮಾನ," ಎಂದ. "ಇವತ್ತು ಬಿಷಪ್ಪರು ಶುಭಾಶಯ ಹೇಳೋಕೆ ಅಂತ ಈ ಕಣಿವೆಗೆ ಫೋನ್ ಮಾಡಿದ್ರು. ಹೋಗ್ಲಿಲ್ಲ. ಆಮೇಲೆ ನನಗೆ ಮಾಡಿದ್ರು. ಅದು ಬಂತು."

ತಿಹೊಮಿರ್ ಟೋಪಿ ಕೈಗೆ ತೆಗೆದುಕೊಂಡ. "ಡೈರೆಕ್ಟರೇ, ಅದು..."

"ಹೇಳ್ಬೇಡ. ನನಗೆ ಗೊತ್ತು ಯಾರ ತಪ್ಪು ಅಂತ."

ಝಿವೊಯಿನ್ ಸೀಸೆಯನ್ನು ಮೇಜಿನ ಕೆಳಗೆ ತಳ್ಳಿದ.

"ನಮ್ಮ ಪರದೆ ಮೇಲೆ ಕೆಂಪು ದೀಪ ಹತ್ತಿದ್ದು ಗೋಲಿ ಬ್ರೆಗ್ ಹೆಸರಿನ ಮುಂದೆ," ಎಂದ ಗ್ವೊಜ್ದೆನ್. "ಆ ಹಳೇ ಗುಡಿಸಲು! ಹಬ್ಬದ ದಿನ ಕೈಕೊಡ್ತು."

ದೀಪ ಅಲ್ಲಿ ಏಕೆ ಹತ್ತಿತೆಂದು ತಿಹೊಮಿರ್‌ಗೆ ಗೊತ್ತಿತ್ತು. ಕ್ಲಾದ್ನಿತ್ಸಾ ಸತ್ತು ಬಿದ್ದಿದ್ದರಿಂದ, 'ಮುಂದಿನ ಕೇಂದ್ರದಿಂದ ಬೆಳಕು ಬರುತ್ತಿಲ್ಲ' ಎಂದು ದೂರು ಹೇಳಲು ಬಾಯಿ ಉಳಿದಿದ್ದದ್ದು ಗುಡ್ಡದ ಗುಡಿಸಲಿಗೆ ಮಾತ್ರ. ದೂರು ಹೇಳಿದವನ ಹೆಸರಿನ ಮುಂದೆ ಕೆಂಪು ದೀಪ ಹತ್ತುವುದು ಕಚೇರಿಗಳ ಹಳೆಯ ಪದ್ಧತಿ. ನಿಜ ಹೇಳಲು ಬಾಯಿ ತೆರೆದ. ಮುಖ್ಯಸ್ಥನ ಹುದ್ದೆ ನೆನಪಾಯಿತು. ಗುಡಿಸಲಿಗೆ ಹೆಂಡತಿ ಮಕ್ಕಳಿಲ್ಲ, ಒಂದು ಸಲ ಬೈಸಿಕೊಂಡರೆ ಅದಕ್ಕೇನು ನಷ್ಟ ಎನಿಸಿತು. ತೆರೆದ ಬಾಯಿಗೆ ಒಂದು ತುಂಡು ರೊಟ್ಟಿ ಹಾಕಿಕೊಂಡ.

"ನಿಜ ಹೇಳ್ತೀನಿ," ಎಂದು ಗ್ವೊಜ್ದೆನ್ ಸ್ವರ ಇಳಿಸಿದ. "ಝಿವೊಯಿನ್ ಪಿಂಚಣಿಗೆ ಹೋಗೋವರೆಗೂ ಗುಡಿಸಲು ನಡೀಲಿ ಅಂತಿದ್ದೆ. ಇನ್ನು ಆಗಲ್ಲ. ಈಗಷ್ಟೇ ವಿಯೆನ್ನಾದಿಂದ ಫೋನ್ ಬಂತು. ನಿನ್ನ ರಾಮನ್ ಎಷ್ಟು ಚೆನ್ನಾಗಿ ಎಳೀತಿದೆ ಅಂದ್ರೆ, ಬೆಳಕು ಮಧ್ಯದಲ್ಲಿ ಎಲ್ಲೂ ನಿಲ್ಲದೆ ನೇರ ನಿನ್ನ ಹತ್ರ ಬರತ್ತಂತೆ. ಶಭಾಷ್ ತಿಹೊಮಿರ್! ಹೊಸ ವರ್ಷದಿಂದ ಗೋಲಿ ಬ್ರೆಗ್ ಬಂದ್."

ತಿಹೊಮಿರ್‌ನ ಎದೆ ಉಬ್ಬಿತು. ವಿದೊಸಾವಾ ಗ್ಲಾಸುಗಳಿಗೆ ವೈನ್ ತುಂಬಿಸಿದಳು. ಗ್ವೊಜ್ದೆನ್ ಎದ್ದು ನಿಂತ, ಎಲ್ಲರೂ ಎದ್ದರು.

"ಆದ್ರೆ ಕಾನೂನು ಅಂತೊಂದಿದೆ. ಹುದ್ದೆ ರದ್ದಾದವನಿಗೆ ಅದೇ ದರ್ಜೆಯ ಖಾಲಿ ಹುದ್ದೆ ಮೇಲೆ ಮೊದಲ ಹಕ್ಕು. ಝಿವೊಯಿನ್‌ದು ಇಪ್ಪತ್ನಾಲ್ಕು ವರ್ಷದ ಸೇವೆ. ಜಿಲ್ಲೆಯಲ್ಲಿ ಖಾಲಿ ಇರೋದು ಒಂದೇ ಕುರ್ಚಿ. ಕ್ಲಾದ್ನಿತ್ಸಾ ಕೇಂದ್ರದ ಹೊಸ ಮುಖ್ಯಸ್ಥ ಝಿವೊಯಿನ್‌ನ ಆರೋಗ್ಯಕ್ಕೆ!"

ಗ್ಲಾಸುಗಳು ತಾಗಿದವು. ಸ್ತಾನಿಯಾ ಆನಂದದಿಂದ ಅತ್ತಳು, ಯಾವುದಕ್ಕೆಂದು ಅವಳಿಗೂ ಖಚಿತವಿರಲಿಲ್ಲ. ತಿಹೊಮಿರ್‌ನ ಬಾಯಿಂದ ರೊಟ್ಟಿ ದಾಟಿಕೊಂಡು ಕೊನೆಗೂ ನಿಜ ಹೊರಬಿತ್ತು.

"ಡೈರೆಕ್ಟರೇ, ಗುಡಿಸಲಿನದು ತಪ್ಪಲ್ಲ! ಗುಡಿಸಲು ಮುಚ್ಬೇಡಿ! ತಪ್ಪು ಇಲ್ಲಿ, ನನ್ನ ಕೇಂದ್ರದಲ್ಲಿ! ಕನೆಕ್ಟರ್ ಸುಟ್ಟಿದ್ದು ನಾನು!"

ಗ್ವೊಜ್ದೆನ್‌ನ ಕಣ್ಣು ತೇವವಾಯಿತು.

"ನೋಡಿ," ಎಂದ ಅವನು ಸುತ್ತ ನೆರೆದವರಿಗೆ. "ಕೂಮ್ ಅಂದ್ರೆ ಹೀಗಿರ್ಬೇಕು. ಗೆಳೆಯನ ಗುಡಿಸಲಿಗೆ ಕೆಟ್ಟ ಹೆಸರು ಬರಬಾರ್ದು ಅಂತ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ! ಝಿವೊಯಿನ್, ಇಂಥವನು ಕೈಕೆಳಗಿದ್ರೆ ಮುಖ್ಯಸ್ಥನಿಗೆ ಇನ್ನೇನು ಬೇಕು?"

ಝಿವೊಯಿನ್ ತಿಹೊಮಿರ್‌ನನ್ನು ಬಿಗಿದಪ್ಪಿ ಎರಡೂ ಕೆನ್ನೆಗೆ ಮೂರು ಮುತ್ತಿಟ್ಟ. ಆಮೇಲೆ ಕಿವಿಯ ಹತ್ತಿರ ಬಾಯಿ ತಂದ.

"ಕೂಮಾ, ಆ ಮುಖ್ಯಸ್ಥನ ಕೋಣೆ ಚಳಿಗಾಲದಲ್ಲಿ ಬೆಚ್ಚಗಿರತ್ತಾ?"

"ಮೇಜನ್ನ ದಕ್ಷಿಣದ ಕಿಟಕಿ ಕಡೆ ತಿರುಗಿಸಿದ್ರೆ ಇರತ್ತೆ," ಎಂದ ತಿಹೊಮಿರ್. ಮೂರು ತಿಂಗಳಿಂದ ಅವನು ಮನಸ್ಸಿನಲ್ಲೇ ಆ ಮೇಜನ್ನು ತಿರುಗಿಸಿ ನೋಡಿದ್ದ.

"ಹಂಗಾದ್ರೆ ಸೋಮವಾರ ಸ್ವಲ್ಪ ಬೇಗ ಬಾ. ತಿರುಗಿಸೋಣ. ನನಗೆ ಸೊಂಟ ಹಿಡ್ಕೊಂಡಿದೆ, ಎರಡೂ ಕಡೆ ನೀನೇ ಎತ್ತಬೇಕಾಗತ್ತೆ."